ಸ್ಕ್ರೂ ಇದ್ದ ಪಾಟಿ

ಆ ದಿನ ಬುಧವಾರ. ನಾಗರ ಪಂಚಮಿ ಮುಗಿದು ನಾಲ್ಕು ದಿನವಾಗಿತ್ತು. ಡಬ್ಬಿಯಲ್ಲಿ ಇನ್ನೂ ಉಂಡಿ ಇದ್ದವು.

ನಮ್ಮವರು ಮಗ್ಗ ಹಚ್ಚಿ ಚಹಾಕ್ಕೆ ಒಳಗೆ ಬಂದರು. ತಲೆಯ ಮೇಲೆ, ಹುಬ್ಬಿನ ಮೇಲೆ ಹತ್ತಿಯ ಧೂಳು. ಮೂವತ್ತೆರಡು ವರ್ಷ ನೋಡಿದ ಮುಖ. ಬೆಳಿಗ್ಗೆ ಹತ್ತಕ್ಕೆಲ್ಲ ಬೆಳ್ಳಗೆ ಮುದುಕರಾಗಿ ಬರುತ್ತಿದ್ದರು, ಸಂಜೆ ಮೈ ತೊಳೆದು ಹುಡುಗರಾಗುತ್ತಿದ್ದರು. ಒಂದು ಕೈಯಲ್ಲಿ ಪಾಟಿ, ಕಿವಿಗೆ ಫೋನು.

ಪಾಟಿ ಅಂದರೆ ಶಾಲೆಯ ಪಾಟಿ ಅಲ್ಲ. ಪುಸ್ತಕ ಓದುವ ಯಂತ್ರ. ಅಂಗೈ ಮೇಲೆ ಹಿಡಿಸುತ್ತದೆ. ಒಳಗೆ ನೂರಾರು ಪುಸ್ತಕ ಕೂರುತ್ತವಂತೆ. ಅದಕ್ಕೆ ಇಂಗ್ಲಿಷಿನಲ್ಲಿ ಬೇರೆ ಹೆಸರಿದೆ. ನಮ್ಮವರು ಪಾಟಿ ಅಂದರು, ನಾನೂ ಅದನ್ನೇ ಅಂದೆ. ಮನೆಗೆ ಬಂದು ಹನ್ನೊಂದು ದಿನವಾಗಿತ್ತು.

"ಹೌದ್ರಿ ಅಕ್ಕೋರ. ಐದ ಸ್ಕ್ರೂ. ಮ್ಯಾಲಿನ್ವು ಎರಡು ಸಣ್ಣು, ಕೆಳಗಿನ್ವು ಮೂರು ಉದ್ದ. ಹಾಂ, ಬಿಚ್ಚಿ ನೋಡೇ ಬಿಟ್ಟೆ. ಇಲ್ರೀ, ಮತ್ತ ಕೂಡಿಸೀನಿ."

ಅಂದು ನಕ್ಕರು. ಆ ನಗು ನಮ್ಮ ಅಡುಗೆಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು. ಅದು ನನಗಾಗಿ ಬಂದದ್ದಲ್ಲ. ಫೋನಿನೊಳಗೆ, ನಿಪ್ಪಾಣಿಯ ವಾಚನಾಲಯದ ಅಕ್ಕೋರ ಕಿವಿಗೆ ಹೋಯಿತು.

ನಾನು ರೊಟ್ಟಿ ಬಡಿಯುತ್ತಿದ್ದೆ. ಜೋರಾಗಿ ಬಡಿದೆ.

"ಸಾವಕಾಶ ಬಡಿ. ಕಲ್ಲ ಒಡದೀತು," ಅಂದರು, ಫೋನು ಇಟ್ಟು.

"ಒಡದ್ರ ಅಕ್ಕೋರಿಗೆ ಫೋನ್ ಹಚ್ಚಿ ಕೇಳ್ರಿ, ಹ್ಯಾಂಗ ಕೂಡಿಸೂದು ಅಂತ."

"ನಿನ್ನ ಬಾಯಿಗೆ ಸ್ಕ್ರೂ ಇಲ್ಲ ನೋಡು. ಇದ್ದಿದ್ರ ಬಿಗಿ ಮಾಡತಿದ್ದೆ. ಇನ್ನ ಅರ್ಧಾ ಕಪ್ ಚಹಾ ಕೊಡು."

"ಮುಗದೈತಿ."

ಮುಗಿದಿರಲಿಲ್ಲ. ಪಾತ್ರೆಯಲ್ಲಿ ಇತ್ತು. ಕೊಡಲಿಲ್ಲ.

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತರು. "ಸಂಜೀಕ ನಿನಗ ಒಂದ ತೋರಸೂದೈತಿ. ಇದರಾಗ."

"ನಿಮ್ಮ ಅಕ್ಕೋರಿಗೆ ತೋರಸ್ರಿ. ನನಗ ಕಾಂಡಿ ಸುತ್ತೂದೈತಿ."

ಸಂಜೆ ಬೇಕಂತಲೇ ಪಕ್ಕದ ಮನೆ ತಾರವ್ವನ ಹತ್ತಿರ ಹೋಗಿ ಕೂತೆ. ಅವಳ ಸೊಸೆಯ ಬಗ್ಗೆ ಮಾತಾಡಿದೆವು. ನಾನು ಬರುವಷ್ಟರಲ್ಲಿ ಅವರು ಉಂಡು ಮಲಗಿದ್ದರು. ಪಾಟಿ ದಿಂಬಿನ ಪಕ್ಕ ಇತ್ತು. ನಾನು ಮಲಗುವ ಕಡೆ.

ಗುರುವಾರ ಬೆಳಿಗ್ಗೆ ಆರಕ್ಕೆ ಮಗ್ಗದ ಧೂಳು ತೆಗೆಯಲು ಹೋದರು. ಎರಡನೇ ಮಗ್ಗದ ಹತ್ತಿರ ಕೂತರು. ಕೆಳಗೆ ಏನೋ ನೋಡಲು ಕೂತಿದ್ದಾರೆ ಅಂದುಕೊಂಡೆ. ಬಹಳ ಹೊತ್ತು ಕೂತೇ ಇದ್ದರು. ಗಾಡಿ ತರಿಸಿದೆವು. ಚಿಕ್ಕೋಡಿಯ ದವಾಖಾನೆ ಮುಟ್ಟುವ ಮೊದಲೇ ಹೋದರು.

ಇಷ್ಟೇ. ಪಾತ್ರೆಯಲ್ಲಿ ಚಹಾ ಉಳಿದಿತ್ತು ಅನ್ನುವುದನ್ನು ಯಾರಿಗೂ ಹೇಳಿರಲಿಲ್ಲ. ಈಗ ಬರೆದೆ.

ಗಂಡನ ಹೆಸರು ಬಾಯಿಂದ ಹೇಳುವ ರೂಢಿ ನಮ್ಮಲ್ಲಿ ಇಲ್ಲ. ಬರೆಯಲು ಅಡ್ಡಿ ಇರಲಿಕ್ಕಿಲ್ಲ. ಲಗಮಣ್ಣ. ಹುಟ್ಟಿದ್ದು ಯಡೂರಿನಲ್ಲಿ, ಕೃಷ್ಣೆಯ ದಂಡೆಗೆ. ಹೊಲ ಅಣ್ಣನಿಗೆ ಹೋಯಿತು, ಇವರಿಗೆ ನಟ್ಟು ತಿರುಗಿಸುವ ಪಾನೆ ಬಂತು. ಇಚಲಕರಂಜಿಯಲ್ಲಿ ಮಗ್ಗ ರಿಪೇರಿ ಕಲಿತರು. ಮಗ್ಗ ರಿಪೇರಿ ಮಾಡುವವನಿಗೆ ನಮ್ಮ ಕಡೆ ಜಾಬರ ಅಂತಾರೆ. ಬೋರಗಾಂವಕ್ಕೆ ಬಂದು ಹತ್ತು ಶೆಡ್ಡಿನ ಜಾಬರರಾದರು. ಆಮೇಲೆ ಕರೆಂಟಿನ ಹಳೆಯ ಮಗ್ಗ ನಾಲ್ಕು ಕೊಂಡು ಸ್ವಂತ ಶೆಡ್ಡು ಹಾಕಿದರು. ನಮ್ಮ ಒಬ್ಬಳೇ ಮಗಳು ಪ್ರಾಜಕ್ತಾ. ಅವಳನ್ನು ಐಗಳಿ ಊರಿಗೆ ಕೊಟ್ಟಿದ್ದೇವೆ, ದ್ರಾಕ್ಷಿ ತೋಟದ ಮನೆಗೆ. ಮಗ್ಗಕ್ಕೆ ಕಾಕಾಸಾಹೇಬ ಅಂತ ಒಬ್ಬ ಬರುತ್ತಾನೆ, ನೇಯಲು. ನಾನು ಕಾಂಡಿ ಸುತ್ತುತ್ತೇನೆ. ಲಾಳಿಯ ಹೊಟ್ಟೆಯಲ್ಲಿ ಇಡುವ ನೂಲಿನ ಕಡ್ಡಿಗೆ ಕಾಂಡಿ ಅನ್ನುವುದು. ಸುತ್ತಿದಷ್ಟೂ ಮಗ್ಗ ತಿನ್ನುತ್ತದೆ.

ಅವರಿಗೆ ಓದುವ ಹುಚ್ಚು. ಕನ್ನಡವೂ ಓದುವರು, ಮರಾಠಿಯೂ ಓದುವರು. ಮಗ್ಗದ ಪಕ್ಕ ಸ್ಟೂಲ್ ಹಾಕಿ, ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಸಿ ಓದುವರು. ಕಣ್ಣು ಪುಸ್ತಕದಲ್ಲಿ, ಕಿವಿ ಮಗ್ಗದಲ್ಲಿ. ಸಪ್ಪಳ ಒಂದು ಚೂರು ಬದಲಾದರೆ ಸಾಲಿನ ನಡುವೆಯೇ ಎದ್ದು ಹೋಗುವರು. ನಮ್ಮ ಮನೆಯ ಪುಸ್ತಕಕ್ಕೆಲ್ಲ ಮಷೀನ್ ಎಣ್ಣೆಯ ವಾಸನೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಅಕ್ಷರ ಬರುತ್ತವೆ. ಸಣ್ಣ ಅಕ್ಷರ ಆದರೆ ಇರುವೆ ಸಾಲಿನ ಹಾಗೆ ಹರಿದಾಡುತ್ತವೆ. ಅದಕ್ಕೆ ಓದಿದ್ದನ್ನು ಅವರೇ ನನಗೆ ಹೇಳುವರು. ನಾನು ಕಾಂಡಿ ಸುತ್ತುತ್ತ ಕೇಳುವೆ. ಮಗ್ಗದ ಸಪ್ಪಳದಲ್ಲಿ ಕೂಗಿ ಹೇಳಬೇಕು. ಕಥೆಯಲ್ಲಿ ಯಾರಾದರೂ ಸತ್ತರೆ ಅದನ್ನೂ ಕೂಗಿಯೇ ಹೇಳುವರು. ಕಾಕಾಸಾಹೇಬ ಗಾಬರಿಯಾಗಿ, "ಯಾರ ಸತ್ರು ಅಣ್ಣಾ?" ಅಂತ ಓಡಿ ಬಂದಿದ್ದ ಒಮ್ಮೆ.

ಆಮೇಲೆ ನಿಪ್ಪಾಣಿಯ ವಾಚನಾಲಯಕ್ಕೆ ಕಹಕಶಾ ಅಕ್ಕೋರು ಬಂದರು. ಪುಸ್ತಕ ಕೊಡುವ, ತಗೊಳ್ಳುವ ಕೆಲಸ. ವಯಸ್ಸು ನಲವತ್ತರ ಮೇಲೆ. ಗಂಡ ಇದ್ದಾರೆ, ನಿಪ್ಪಾಣಿಯಲ್ಲೇ ಕನ್ನಡಕದ ಅಂಗಡಿ. ಮಕ್ಕಳು ಎರಡು. ಅವರಿಗೂ ಓದುವ ಹುಚ್ಚು. ಮಗ್ಗಕ್ಕೆ ರಜೆ ಇದ್ದ ದಿನ ನಮ್ಮವರು ಅಲ್ಲಿಗೆ ಹೋಗುವರು. ಪುಸ್ತಕ ತಿರುಗಿ ಕೊಡುವುದು ಅಂದರೆ ಎಷ್ಟು ಹೊತ್ತಿನ ಕೆಲಸ? ಇವರಿಗೆ ಅರ್ಧ ದಿನ ಬೇಕು. ಓದಿದ್ದರ ಬಗ್ಗೆ ಅಲ್ಲಿ ಮಾತಾಡಿ ಬರುವರು. ಮನೆಗೆ ಬಂದಮೇಲೆ ನಾನು ಕೇಳಿದರೆ, "ಚೊಲೋ ಇತ್ತು," ಅನ್ನುವರು. ಅಷ್ಟೇ. ಕಥೆ ನಿಪ್ಪಾಣಿಯಲ್ಲಿ ಖಾಲಿಯಾಗಿ ಬರುತ್ತಿತ್ತು.

ಅವರಿಬ್ಬರ ನಡುವೆ ಏನೂ ಇರಲಿಲ್ಲ. ನನಗೆ ಗೊತ್ತು. ಏನೂ ಇಲ್ಲದ್ದಕ್ಕೇ ಹೊಟ್ಟೆ ಹೆಚ್ಚು ಉರಿಯುತ್ತಿತ್ತು. ಏನಾದರೂ ಇದ್ದಿದ್ದರೆ ನಿಪ್ಪಾಣಿಗೆ ಹೋಗಿ ಜಗಳ ತೆಗೆದು ಬರಬಹುದಿತ್ತು. ಪುಸ್ತಕದ ಬಗ್ಗೆ ಮಾತಾಡ್ತೀರಿ ಅಂತ ಯಾರ ಜಡೆ ಹಿಡಿಯಲಿ?

ಕೃಷ್ಣೆಗೆ ದೊಡ್ಡ ಮಹಾಪೂರ ಬಂದ ವರ್ಷ ಯಡೂರಿನ ಅಣ್ಣನ ಮನೆಯಲ್ಲಿ ಇವರ ಒಂದು ಟ್ರಂಕು ಪುಸ್ತಕ ನೀರಲ್ಲಿ ಹೋಯಿತು. ಎಂಟು ದಿನದ ಮೇಲೆ ತೆಗೆದರೆ ರಾಡಿ. ಇವರು ಅದನ್ನು ಬಿಸಿಲಿಗೆ ಹರಡಿ ಕೂತಿದ್ದರು, ಹಪ್ಪಳಕ್ಕೆ ಕಾವಲು ಕೂತ ಹಾಗೆ. ಆಮೇಲೆ ಕಣ್ಣೂ ಮಂದವಾದವು. ಕನ್ನಡಕ ಎರಡು ಸಲ ಬದಲಿಸಿದರು. ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಆಗ ಅಕ್ಕೋರು ಪಾಟಿಯ ಸುದ್ದಿ ಹೇಳಿದರು. ಅಕ್ಷರ ಬೇಕಾದಷ್ಟು ದೊಡ್ಡದು ಮಾಡಬಹುದು. ನೀರಲ್ಲಿ ಹೋಗುವ ಟ್ರಂಕು ಇಲ್ಲ.

ಬೇರೆಯವರಾದರೆ ಅಂಗಡಿಗೆ ಹೋಗಿ ಒಂದು ತರುತ್ತಿದ್ದರು. ಇವರಿಗೆ ನಾಲ್ಕು ತಿಂಗಳು ಹಿಡಿಯಿತು.

ಅದಕ್ಕೆ ಕಾರಣ ಇದೆ. ಹಿಂದೊಮ್ಮೆ ಮೂರನೇ ಮಗ್ಗಕ್ಕೆ ಹೊಸ ನಮೂನೆಯ ಒಂದು ಪೆಟ್ಟಿಗೆ ಹಾಕಿಸಿದ್ದರು. ನೂಲು ಹರಿದರೆ ಮಗ್ಗ ತಾನೇ ನಿಲ್ಲುತ್ತದೆ ಅಂತ. ಪೆಟ್ಟಿಗೆಗೆ ಅರಗಿನ ಸೀಲು. ಬಿಚ್ಚಿದರೆ ಗ್ಯಾರಂಟಿ ಇಲ್ಲ. ಪೆಟ್ಟಿಗೆ ಕೆಟ್ಟಿತು. ಕಂಪನಿಯವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಅಂದ. ಹತ್ತು ಶೆಡ್ಡಿಗೆ ಜಾಬರನಾದ ಮನುಷ್ಯ ತನ್ನ ಮಗ್ಗದ ಮುಂದೆ ಹನ್ನೆರಡು ದಿನ ಕೈ ಕಟ್ಟಿ ಕೂತರು. ಹದಿಮೂರನೇ ದಿನ ಸೀಲು ಒಡೆದರು. ಒಳಗೆ ಒಂದು ತಂತಿ ಬಿಟ್ಟಿತ್ತು. ಅಷ್ಟೇ. ಹಚ್ಚಿದರು, ಮಗ್ಗ ನಡೆಯಿತು. ಅವತ್ತು ಹೇಳಿದರು, "ಇನ್ನ ಮ್ಯಾಲೆ ಸ್ಕ್ರೂ ಇಲ್ಲದ್ದು ಯಾವುದೂ ಮನಿಗೆ ಬ್ಯಾಡ."

ಪಾಟಿಗೂ ಅದೇ ಮಾತು. ಅಕ್ಕೋರು ಮೂರು ನಮೂನೆ ತೋರಿಸಿದರಂತೆ. ಮೊದಲನೆಯದು ಎಲ್ಲರ ಕೈಯಲ್ಲಿ ಇರುವಂಥದ್ದು. ಅದರ ಪುಸ್ತಕ ಅದರ ಅಂಗಡಿಯಿಂದಲೇ ತಗೋಬೇಕು. ಕೊಂಡದ್ದನ್ನು ಬೇರೆಯವರಿಗೆ ಓದಲು ಕೊಡಲು ಬರುವುದಿಲ್ಲ. ನಮ್ಮವರು ಮನೆಗೆ ಬಂದು ಅದನ್ನೇ ನೂರು ಸಲ ಹೇಳಿದರು. "ಅಲ್ಲಲೇ ಕಾಕಾ, ಪುಸ್ತಕಾ ತಗೊಂಡಾಂವ ನಾ. ಕೀಲಿ ಅವರ ಕಿಸೇದಾಗ. ಇದೆಂಥಾ ವ್ಯವಹಾರ?" ಎರಡನೆಯದು ಚೆಂದ ಇತ್ತಂತೆ, ಆದರೆ ಬೆನ್ನು ಅಂಟು ಹಾಕಿ ಮುಚ್ಚಿದ್ದು. ಬ್ಯಾಟರಿ ಸತ್ತರೆ ಪಾಟಿಯೂ ಸತ್ತಂತೆ. ಮೂರನೆಯದು ಹೆಸರಿಲ್ಲದ ಸಣ್ಣ ಕಂಪನಿಯದು. ಬೆನ್ನಿಗೆ ಸ್ಕ್ರೂ ಇತ್ತು.

ಅಷ್ಟಕ್ಕೇ ಬಿಡಲಿಲ್ಲ. ಮೂರೂ ಕಂಪನಿಗೆ ಪತ್ರ ಬರೆಸಿದರು. ಇವರು ಹೇಳುವುದು, ಅಕ್ಕೋರು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು. ನಾನು ಓದುವುದನ್ನು ನೀವು ನೋಡುತ್ತೀರಾ? ಕೆಟ್ಟರೆ ನಾನೇ ಬಿಚ್ಚಬಹುದಾ? ನಿಮ್ಮಲ್ಲಿ ಕೆಲಸ ಮಾಡುವವರಿಗೆ ಎಷ್ಟು ತಾಸಿನ ಪಾಳಿ? ಹೀಗೆ ನಾಲ್ಕು ಪ್ರಶ್ನೆ ಅಂತ ನಮ್ಮವರು ಬೆರಳು ಮಡಚಿ ಹೇಳಿದರು. ಮೂರು ಬೆರಳು ಮಡಚಿದರು. ನಾಲ್ಕನೆಯದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕಾಕಾಸಾಹೇಬ ಲಾಳಿ ಬದಲಿಸುತ್ತ ಅಂದ, "ಅಣ್ಣಾ, ಹೆಣ್ಣ ನೋಡಾಕ ಹ್ವಾದಾಗೂ ಇಷ್ಟ ಕೇಳಿರಲಿಕ್ಕಿಲ್ಲ ನೀವು."

"ನನಗ ಒಂದ ಕೇಳಿದ್ರು," ಅಂದೆ ನಾನು. "ರೊಟ್ಟಿ ಬಡ್ಯಾಕ ಬರತೈತೇನು ಅಂತ."

"ಮತ್ತ ಏನಂದ್ರಿ ವೈನಿ?"

"ಬರತೈತಿ ಅಂದೆ. ಬೆನ್ನಿಗೆ ಸ್ಕ್ರೂ ಅದಾವೇನು ಅಂತ ಕೇಳಲಿಲ್ಲಪಾ."

ಇಬ್ಬರೂ ನಕ್ಕರು. ನಾನು ನಗಲಿಲ್ಲ. ನನಗಿಂತ ಹೆಚ್ಚು ವಿಚಾರಿಸಿ ತರುವ ಮಾಲು ಮನೆಗೆ ಬರಲಿತ್ತು.

ಒಂದು ಕಂಪನಿ ಉತ್ತರ ಕೊಡಲೇ ಇಲ್ಲ. ಒಂದು ಎಂಟು ಹಾಳೆ ಕಳಿಸಿತು, ಅದರಲ್ಲಿ ಕೇಳಿದ್ದು ಒಂದೂ ಇರಲಿಲ್ಲ. ಸಣ್ಣ ಕಂಪನಿಯಿಂದ ಒಬ್ಬ ಹೆಣ್ಣುಮಗಳು ಹೆಸರು ಹಾಕಿ ಬರೆದಿದ್ದಳು. ಓದುವುದನ್ನು ನಾವು ನೋಡುವುದಿಲ್ಲ. ಬಿಚ್ಚಬಹುದು, ಹೇಗೆ ಅಂತ ಚಿತ್ರ ಕಳಿಸುತ್ತೇವೆ. ನಮ್ಮ ಶೆಡ್ಡಿನಲ್ಲಿ ಎಂಟು ತಾಸು. ಆದರೆ ಬ್ಯಾಟರಿ ಬೇರೆಯವರಿಂದ ತರಿಸುತ್ತೇವೆ, ಅಲ್ಲಿಯವರ ಪಾಳಿ ಎಷ್ಟು ಅನ್ನುವುದು ನಮಗೆ ಪೂರ್ತಿ ಗೊತ್ತಿಲ್ಲ, ಕೇಳುತ್ತಿದ್ದೇವೆ.

"ಇದಽ," ಅಂದರು ನಮ್ಮವರು. "ಗೊತ್ತಿಲ್ಲ ಅಂದಾಳಲ್ಲ, ಇದ ಬೇಕು."

ಬಂತು. ಹನ್ನೊಂದು ದಿನ ಇದ್ದರು ಅದರ ಜೊತೆ.

ಮಣ್ಣಿಗೆ ಅಕ್ಕೋರು ಬಂದಿದ್ದರು. ಹೆಂಗಸರ ಸಾಲಿನ ಕೊನೆಗೆ ನಿಂತು ಅತ್ತರು. ನಾನು ಹೆಣದ ಪಕ್ಕ ಕೂತು ಅವರನ್ನು ನೋಡಿದೆ. ಎಷ್ಟು ಅಳುತ್ತಾರೆ ಅಂತ ನೋಡಿದೆ. ಇದನ್ನು ಬರೆಯಲು ನಾಚಿಕೆ ಬರುತ್ತದೆ. ಆದರೂ ನೋಡಿದ್ದು ಖರೆ.

ಪಾಟಿಯನ್ನು ಟ್ರಂಕಿನಲ್ಲಿ ಇಟ್ಟೆ, ಮದುವೆ ಸೀರೆಯ ಕೆಳಗೆ. ಒಮ್ಮೆ ತೆಗೆದು ಗುಂಡಿ ಒತ್ತಿದೆ. ಅದು ಏನೂ ಕೇಳಲಿಲ್ಲ, ತೆರೆಯಿತು. ಅವರು ಓದುತ್ತಿದ್ದ ಪುಟ ಬಂತು. ಅರ್ಧಕ್ಕೆ ನಿಂತ ಪುಟ. ಇನ್ನೊಂದು ಕಡೆ ಒತ್ತಿದರೆ ಆ ಪುಟ ಹೋಗುತ್ತದೆ ಅಂತ ಹೆದರಿಕೆಯಾಯಿತು. ಆರಿಸಿ ಇಟ್ಟೆ. ಸಂಜೆಗೆ ತೋರಿಸುತ್ತೇನೆ ಅಂದಿದ್ದರು. ಏನದು ಅಂತ ದಿನಾ ತಲೆಯಲ್ಲಿ ತಿರುಗುತ್ತಿತ್ತು. ಆ ಬುಧವಾರ ಸಂಜೆ ತಾರವ್ವನ ಮನೆಗೆ ಹೋಗದಿದ್ದರೆ ಗೊತ್ತಾಗುತ್ತಿತ್ತು.

ಮಹಾನವಮಿಗೆ ಒಂದು ವಾರ ಇರುವಾಗ ಅಕ್ಕೋರ ಫೋನು ಬಂತು.

"ಗಂಗವ್ವಾರ, ಆ ಪಾಟಿ ತಗೊಂಡ ಒಮ್ಮೆ ನಿಪ್ಪಾಣಿಗೆ ಬರ್ರಿ. ಇಲ್ಲಾಂದ್ರ ನಾನಽ ಬರ್ತೀನಿ. ಅದರಾಗ ಒಂದ ಐತಿ."

"ಏನೈತ್ರಿ?"

"ಫೋನಿನ್ಯಾಗ ಹೇಳೂದಲ್ರಿ ಅದು. ನೋಡಬೇಕು."

"ನಿಮಗ ಗೊತ್ತೈತೇನು?"

"ನನಗ ಗೊತ್ತೈತ್ರಿ, ಆದ್ರ..."

ಫೋನು ಇಟ್ಟುಬಿಟ್ಟೆ. ನನಗೆ ತೋರಿಸಬೇಕಾದದ್ದು ಅವರಿಗೆ ಮೊದಲೇ ಗೊತ್ತು. ಇನ್ನು ನನಗೆ ಉಳಿದದ್ದೇನು? ಪಾಟಿ ಕೊಡುವುದಿಲ್ಲ ಅಂತ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿದೆ.

ಖಂಡೇ ಪೂಜೆ ಬಂತು. ಮಹಾನವಮಿಗೆ ಕೆಲಸದ ಸಾಮಾನಿಗೆಲ್ಲ ಪೂಜೆ ಮಾಡುವುದು. ಮನೆಯಲ್ಲಿ ಸೂತಕದ ವರ್ಷ, ಹಬ್ಬ ಇಲ್ಲ ಅಂದೆ. ಕಾಕಾಸಾಹೇಬ ಕೇಳಲಿಲ್ಲ. "ಮಂದಿಗೆ ಸೂತಕ ವೈನಿ, ಮಗ್ಗಕ್ಕ ಎಲ್ಲೀದು? ಪೂಜಿ ಇಲ್ಲದ ನಾ ಲಾಳಿ ಮುಟ್ಟಂಗಿಲ್ಲ ನೋಡ್ರಿ." ಸರಿ ಅಂದೆ. ಅವನು ಮಾಡುವುದು, ನಾನು ಸಾಮಾನು ಜೋಡಿಸುವುದು.

ದೊಡ್ಡ ಹಿತ್ತಾಳೆ ಪರಾತದಲ್ಲಿ ಅವರ ಪಾನೆ, ಸ್ಕ್ರೂ ಡ್ರೈವರು, ಕತ್ತರಿ, ಎಣ್ಣೆ ಡಬ್ಬಿ ಇಟ್ಟೆ. ಆಮೇಲೆ ಟ್ರಂಕಿನಿಂದ ಪಾಟಿಯನ್ನೂ ತಂದು ಇಟ್ಟೆ. ಅವರು ಕೈಯಲ್ಲಿ ಹಿಡಿದದ್ದಲ್ಲವಾ. ಕಾಕಾಸಾಹೇಬ ವಿಭೂತಿ ಹಚ್ಚಿದ, ಹೂ ಏರಿಸಿದ, ಪರಾತದ ಅಂಚಿಗೆ ಕಾಯಿ ಒಡೆದ. ಕಾಯಿ ಚೊಲೋ ತುಂಬಿದ್ದು. ನೀರು ಪರಾತದೊಳಗೆ ಬಿತ್ತು.

ಪೂಜೆಗೆ ಇಟ್ಟ ಸಾಮಾನು ಮುಟ್ಟಬಾರದು. ಮರುದಿನ ಬನ್ನಿ ಕೊಟ್ಟು ತಗೊಂಡ ಮೇಲೆಯೇ ಎತ್ತುವುದು. ಚಿಕ್ಕಂದಿನಿಂದ ಹಾಗೇ ನಡೆದುಬಂದದ್ದು. ಜಾಬರನ ಮನೆಯಲ್ಲಂತೂ ಅವತ್ತು ಯಾರ ಮಗ್ಗ ಕೆಟ್ಟರೂ ಪಾನೆ ಕೊಡುವುದಿಲ್ಲ.

ಕಾಕಾಸಾಹೇಬ ಮನೆಗೆ ಹೋದ. ನಾನು ದೀಪಕ್ಕೆ ಎಣ್ಣೆ ಹಾಕಲು ಬಂದಾಗ ನೋಡಿದೆ. ಕಾಯಿನೀರು ಪಾನೆಯ ಬುಡದಿಂದ ಹರಿದು ಪಾಟಿಯ ಹತ್ತಿರ ಬಂದಿತ್ತು. ಚಾರ್ಜಿನ ವಾಯರು ಹಾಕುವ ತೂತು ಆ ಕಡೆಗೇ ಇತ್ತು. ಒಂದು ಬೆರಳಿನಿಂದ ಸರಿಸಿದರೆ ಸಾಕಿತ್ತು.

ಮುಟ್ಟಬಾರದು ಅಂದುಕೊಂಡೆ. ಅದು ಒಂದು. ಇನ್ನೊಂದೂ ಅಂದುಕೊಂಡೆ. ಹೋಗಲಿ, ಇನ್ನು ಅಕ್ಕೋರಿಗೂ ಸಿಗುವುದಿಲ್ಲ.

ನಿಂತು ನೋಡಿದೆ. ನೀರು ತೂತಿನೊಳಗೆ ಹೋಯಿತು.

ಮರುದಿನ ಬನ್ನಿ ಆದಮೇಲೆ ಎತ್ತಿದೆ. ಒರೆಸಿದೆ. ಗುಂಡಿ ಒತ್ತಿದೆ. ಕಪ್ಪು. ಚಾರ್ಜಿಗೆ ಹಚ್ಚಿದೆ. ಕಪ್ಪು. ಅವರು ಅರ್ಧಕ್ಕೆ ಬಿಟ್ಟ ಪುಟ ಹೋಯಿತು, ನನಗೆ ತೋರಿಸುವುದಿದ್ದದ್ದೂ ಹೋಯಿತು. ಮಣ್ಣಿನ ದಿನ ನಾನು ಸರಿಯಾಗಿ ಅತ್ತಿರಲಿಲ್ಲ, ಅಕ್ಕೋರನ್ನು ನೋಡುತ್ತಿದ್ದೆ ಅಂದೆನಲ್ಲ. ಅವತ್ತು ಅತ್ತೆ. ತಾರವ್ವ ಗೋಡೆಯಾಚೆಯಿಂದ ಕೂಗಿದಳು, "ಏನಾತಬೇ ಗಂಗವ್ವಾ?" "ಏನಿಲ್ಲಬೇ, ಬಳ್ಳೊಳ್ಳಿ ಖಾರ ಕುಟ್ಟಾಕತ್ತೀನಿ," ಅಂದೆ.

ಮೂರು ದಿನ ತಡೆದೆ. ನಾಲ್ಕನೇ ದಿನ ಪಾಟಿಯನ್ನು ಅವರ ಹಳೆಯ ಧೋತರದ ಚೂರಿನಲ್ಲಿ ಸುತ್ತಿ, ಅವರ ಸಣ್ಣ ಸ್ಕ್ರೂ ಡ್ರೈವರನ್ನೂ ಇಟ್ಟುಕೊಂಡು ನಿಪ್ಪಾಣಿ ಬಸ್ಸು ಹತ್ತಿದೆ.

ವಾಚನಾಲಯಕ್ಕೆ ನಾನು ಹೋದದ್ದು ಅದೇ ಮೊದಲು. ಬಾಗಿಲ ಪಕ್ಕ ಒಂದು ಕುರ್ಚಿ ಇತ್ತು. ಅದರ ಬೆನ್ನಿಗೆ ಹತ್ತಿಯ ಎಳೆ ಅಂಟಿತ್ತು. ನಮ್ಮ ಶೆಡ್ಡಿನ ಹತ್ತಿ. ನಾನು ಆ ಕುರ್ಚಿಯಲ್ಲೇ ಕೂತೆ.

"ಸತ್ತೈತ್ರಿ ಇದು," ಅಂದೆ. "ಕಾಯಿನೀರ ಹೊಕ್ಕೈತಿ. ನಾ ನೋಡಿದ್ನಿ, ಎತ್ತಲಿಲ್ಲ."

ಅಕ್ಕೋರು ನನ್ನ ಮುಖ ನೋಡಿದರು. ಯಾಕೆ ಎತ್ತಲಿಲ್ಲ ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ.

"ಬಿಚ್ಚಿ ನೋಡೂಣ್ರಿ," ಅಂದರು.

"ಬಿಚ್ಚರಿ."

"ನನಗ ಓದಾಕ ಬರ್ತದ್ರಿ, ಬಿಚ್ಚಾಕ ಬರೂದಿಲ್ಲ. ಲಗಮಣ್ಣಾರು ಹೇಳತಿದ್ರು, ನನ್ನ ಹೇಣ್ತಿ ಕೈ ಕಾಂಡಿ ಸುತ್ತಿದ ಕೈ, ಕೂದಲೆಳಿ ಹರದ್ರೂ ಕಣ್ಣ ಮುಚ್ಚಿ ಗಂಟ ಹಾಕತಾಳ ಅಂತ. ನೀವ ಬಿಚ್ಚರಿ. ಕಂಪನಿಯವರ ಕಾಗದ ನಾ ಓದಿ ಹೇಳ್ತೀನಿ."

ನನ್ನ ಕೈಯ ಬಗ್ಗೆ ಹಾಗೆ ಅಂದಿದ್ದರಂತೆ. ಅಲ್ಲಿ ಅಂದಿದ್ದರು. ಮನೆಯಲ್ಲಿ ಅಂದಿರಲಿಲ್ಲ.

ಬಿಚ್ಚಿದೆ. ಮೇಲಿನವು ಎರಡು ಸಣ್ಣವು, ಕೆಳಗಿನವು ಮೂರು ಉದ್ದ. ಅವರು ಫೋನಿನಲ್ಲಿ ಹೇಳಿದ್ದು ಕಿವಿಯಲ್ಲಿತ್ತು. ಅಕ್ಕೋರು ಓದುವರು, ನಾನು ಮಾಡುವೆ. "ಈಗ ಬೆನ್ನಿನ ಮುಚ್ಚಳಾ ಎಡಗಡಿಂದ ಎತ್ರಿ. ಜಗ್ಗಬ್ಯಾಡ್ರಿ." "ಜಗ್ಗಾಕತ್ತಿಲ್ರಿ, ನೀವ ಗಾಬರಿ ಆಗಬ್ಯಾಡ್ರಿ." ಒಳಗೆ ಅಂಟಂಟು. ಬ್ಯಾಟರಿಯ ವಾಯರಿನ ಬಾಯಿ ಹಸಿರುಗಟ್ಟಿತ್ತು. ಅಕ್ಕೋರ ಗಂಡ ಅಂಗಡಿಯಿಂದ ಕನ್ನಡಕ ಒರೆಸುವ ಅರಿವೆ, ಔಷಧದ ಅಂಗಡಿಯಿಂದ ಸ್ಪಿರಿಟ್ಟು ತಂದುಕೊಟ್ಟರು. ಮೆಲ್ಲಗೆ ಒರೆಸಿದೆ. ಬೇರೆ ಎಲ್ಲ ಚೊಕ್ಕ ಇತ್ತು. ಬ್ಯಾಟರಿ ಮಾತ್ರ ಸತ್ತಿತ್ತು.

ಕಂಪನಿಗೆ ಬರೆದರು. ಅದೇ ಹೆಣ್ಣುಮಗಳು ಉತ್ತರ ಕೊಟ್ಟಳು. ಹತ್ತೊಂಬತ್ತು ದಿನಕ್ಕೆ ಬ್ಯಾಟರಿ ಬಂತು. ಅಂಟು ಹಾಕಿದ ಪಾಟಿ ತಂದಿದ್ದರೆ ಅವತ್ತೇ ಎಸೆಯಬೇಕಾಗಿತ್ತು. ನಾಲ್ಕು ತಿಂಗಳು ಯಾಕೆ ತಲೆ ತಿಂದರು ಅಂತ ನನಗೆ ಆಗ ತಿಳಿಯಿತು.

ನಾನೇ ಹಾಕಿದೆ, ಅದೇ ಕುರ್ಚಿಯಲ್ಲಿ ಕೂತು. ಐದೂ ಸ್ಕ್ರೂ ಬಿಗಿ ಮಾಡಿ ಗುಂಡಿ ಒತ್ತಿದೆ. ಬೆಳ್ಳಗೆ ಬೆಳಕು ಬಂತು. ಅವರ ಪುಟ ಇದ್ದಲ್ಲೇ ಇತ್ತು.

"ನೀವು ಹಿಂದಕ್ಕ ಹೋಗ್ರಿ, ಪುಟಾ ಎಲ್ಲೂ ಹೋಗೂದಿಲ್ಲ," ಅಂದರು ಅಕ್ಕೋರು. ಹೋದೆ. ಪುಸ್ತಕಗಳ ಹೆಸರಿನ ಸಾಲು. ಎಲ್ಲಕ್ಕೂ ಕೆಳಗೆ ಒಂದು ಹೆಸರು. ಗಂಗವ್ವ.

ಒತ್ತಿದೆ. ಅಕ್ಷರ ಇಷ್ಟಿಷ್ಟು ದಪ್ಪ. ಒಂದು ಸಾಲಿಗೆ ಮೂರೇ ಶಬ್ದ. ಇರುವೆ ಇಲ್ಲ.

"ಒಂದನೇ ಮಗ್ಗ. ಪಟ್ಟಾ ಸಡಿಲಾದರೆ ಸಪ್ಪಳ ಕುಂಟತೈತಿ. ಮೊದಲು ಬಟನ್ ಬಂದ್ ಮಾಡು. ಆಮ್ಯಾಲೆ ಕೈ ಹಾಕು."

ಮುಂದಿನ ಪುಟ. "ಎರಡನೇ ಮಗ್ಗ ಹಟಮಾರಿ. ನಿನ್ನ ಹಾಂಗ. ಬೈಬ್ಯಾಡ. ಎಣ್ಣಿ ಹಾಕು."

ಹೀಗೆ ಮೂವತ್ತೊಂಬತ್ತು ಪುಟ. ಯಾವ ಮಗ್ಗ ಹೇಗೆ ಕೆಡುತ್ತದೆ, ಯಾವ ನಟ್ಟು ಎಲ್ಲಿ, ಯಾವ ಸಪ್ಪಳ ಬಂದರೆ ಓಡಿ ಹೋಗಬೇಕು, ಯಾವುದಕ್ಕೆ ಕೂತು ಚಹಾ ಕುಡಿದು ಹೋದರೂ ನಡೆಯುತ್ತದೆ. ಕಥೆ ಅಲ್ಲ, ಪ್ರೀತಿಯ ಮಾತೂ ಅಲ್ಲ. ಮಗ್ಗದ ಸಪ್ಪಳದಲ್ಲಿ ನನಗೆ ಕೂಗಿ ಹೇಳುತ್ತಿದ್ದರಲ್ಲ, ಹಾಗೇ ಇತ್ತು.

"ಒಂದ ವರ್ಷ ಬರಸಿದ್ರು ನನ್ನ ಕಡಿಂದ," ಅಂದರು ಅಕ್ಕೋರು. "ರಜಾದ ದಿನ ಬಂದ ಕೂತ, ಅವರು ಹೇಳೂದು, ನಾ ಟೈಪ್ ಮಾಡೂದು. ಪುಸ್ತಕದ ಮಾತ ಅರ್ಧಾ ತಾಸಿನ್ಯಾಗ ಮುಗೀತಿತ್ರಿ. ಉಳಿದದ್ದೆಲ್ಲಾ ಇದಽ. ನಿಮಗ ಮುಗಿಸೇ ತೋರಸಬೇಕು ಅಂತಿದ್ರು."

ಅರ್ಧ ದಿನ ಏನು ಮಾಡುತ್ತಿದ್ದರು ಅನ್ನುವುದಕ್ಕೆ ಉತ್ತರ ಸಿಕ್ಕಿತು.

"ಕಂಪನಿಗೆ ನಾಕನೇ ಪ್ರಶ್ನೆ ಏನ್ ಕೇಳಿದ್ರಿ?" ಅಂದೆ.

ಅಕ್ಕೋರು ಕಂಪನಿಯ ಕಾಗದ ಮಡಚಿಟ್ಟು ಹೇಳಿದರು. "ನಾ ಸತ್ತ ಮ್ಯಾಲೆ ನನ್ನ ಹೇಣ್ತಿ ಇದನ್ನ ತಗೀಬಹುದೇನು, ಆಕಿ ಕೈಯಾಗ ಯಾರ ಕೀಲಿ ಇಲ್ಲದಽ? ಅಂತ ಕೇಳಿದ್ರು."

ನಾನು ಪಾಟಿ ಧೋತರದಲ್ಲಿ ಸುತ್ತಿದೆ. ಒಳಗೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಆ ಪ್ರಶ್ನೆ ನನ್ನದು. ಅದನ್ನು ಮೊದಲು ಕೇಳಿದ ಕಿವಿ ನನ್ನದಲ್ಲ. ಅವರು ಸಾವಿನ ವಿಚಾರ ಮಾಡಿದ್ದು, ನನ್ನ ವಿಚಾರ ಮಾಡಿದ್ದು, ಎಲ್ಲ ನಿಪ್ಪಾಣಿಯ ಈ ಕುರ್ಚಿಯಲ್ಲಿ. ನನಗೆ ಸಿಕ್ಕಿದ್ದು ಟೈಪ್ ಆಗಿ ಬಂದದ್ದು.

ಬಸ್ಸಿಗೆ ಕಳಿಸಲು ಅಕ್ಕೋರು ಬಂದರು. "ಹದಿನಾಲ್ಕನೇ ಪುಟದಾಗ ಒಂದ ಸಾಲ ನಂದೈತ್ರಿ," ಅಂದರು. "ಅವರು ಬರಸಿರಲಿಲ್ಲ. ನನಗಽ ಅಂಜಿಕಿ ಬಂತು, ಅದಕ್ಕ ಹಾಕೀನಿ. ಬ್ಯಾಡಾದ್ರ ಅಳಿಸಿ ಬಿಡ್ರಿ. ಇದರಾಗ ಅಳಸಾಕ ಬರ್ತದ."

ಬಸ್ಸಿನಲ್ಲಿ ಹದಿನಾಲ್ಕನೇ ಪುಟ ತೆಗೆದೆ. ಇತ್ತು. "ದಯವಿಟ್ಟು ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಿ."

ಮೂವತ್ತೆರಡು ವರ್ಷದಲ್ಲಿ ಅವರು ನನಗೆ ಒಮ್ಮೆಯೂ ದಯವಿಟ್ಟು ಅಂದವರಲ್ಲ. ಅಕ್ಕೋರು ಹೇಳದಿದ್ದರೂ ಗೊತ್ತಾಗುತ್ತಿತ್ತು.

ಮಗ್ಗ ಮಾರಿಬಿಡು ಅಂತ ಪ್ರಾಜಕ್ತಾ ಐಗಳಿಯಿಂದ ಬಂದು ಹೇಳಿದಳು. ಮಾರಲಿಲ್ಲ. ನಾಲ್ಕೂ ನಡೆಯುತ್ತಿವೆ. ಕೆಟ್ಟರೆ ನಾನೇ ಪಾನೆ ಹಿಡಿಯುತ್ತೇನೆ. ಕಾಕಾಸಾಹೇಬ ಮೊದಲು ನಕ್ಕ, ಈಗ ನಗುವುದಿಲ್ಲ. ಅಕ್ಕೋರಿಗೆ ತಿಂಗಳಿಗೊಮ್ಮೆ ಫೋನು ಮಾಡುತ್ತೇನೆ. ಮನೆಗೆ ಬರ್ರಿ ಅಂತ ಇನ್ನೂ ಕರೆದಿಲ್ಲ.

ದಿನಾ ಬೆಳಿಗ್ಗೆ ಆರಕ್ಕೆ ಏಳುತ್ತೇನೆ. ಚಹಾ ಮಾಡುತ್ತೇನೆ, ಅರ್ಧ ಕಪ್ಪು ಹೆಚ್ಚಿಗೆ. ಪಾಟಿಯ ಮೇಲೆ ಕೂತ ಹತ್ತಿಯ ಧೂಳನ್ನು ಧೋತರದ ಚೂರಿನಿಂದ ಒರೆಸಿ ಹದಿನಾಲ್ಕನೇ ಪುಟ ತೆಗೆಯುತ್ತೇನೆ. ಆ ಸಾಲು ಅಳಿಸಿಲ್ಲ. ದಯವಿಟ್ಟು ಅನ್ನುವುದನ್ನು ಬಿಟ್ಟು ಓದುತ್ತೇನೆ. ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತೇನೆ. ಬ್ರಷ್ ತಗೊಂಡು ಶೆಡ್ಡಿಗೆ ಹೋಗಿ ಮಗ್ಗದ ಧೂಳು ತೆಗೆಯುತ್ತೇನೆ, ಒಂದನೆಯದರಿಂದ.